ವಿಳಾಸದಲ್ಲಿ ಉಳಿದ ಟಿಪಿಎಸ್

ಮುಂಬಯಿಯ ಬಾಂದ್ರಾ, ಸಾಂತಾಕ್ರೂಜ್‌ಗಳ ವಿಳಾಸಗಳಲ್ಲಿ ಇವತ್ತಿಗೂ ‘ಟಿಪಿಎಸ್ 3’ ಎಂಬಂಥ ಗುರುತು ಕಾಣಸಿಗುತ್ತದೆ. ಟೌನ್ ಪ್ಲಾನಿಂಗ್ ಸ್ಕೀಮ್ ಎಂಬುದರ ಮೊದಲಕ್ಷರಗಳವು. ಹೊಸ ಬಡಾವಣೆಯ ರಸ್ತೆ, ಚರಂಡಿಗಳ ಖರ್ಚನ್ನು ಹೊರುವವರು ಯಾರು ಎಂಬ ಪ್ರಶ್ನೆಗೆ 1915ರ ಬಾಂಬೆ ಟೌನ್ ಪ್ಲಾನಿಂಗ್ ಕಾಯ್ದೆ ಕೊಟ್ಟ ಉತ್ತರ ಆ ಮೂರಕ್ಷರಗಳಲ್ಲಿ ಉಳಿದಿದೆ.

ಅದಕ್ಕೂ ಹಿಂದಿನ ದಾರಿ ಬೇರೆ. 1896ರ ಪ್ಲೇಗಿನ ಬೆನ್ನಿಗೆ, 1898ರಲ್ಲಿ ಹುಟ್ಟಿದ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಜಮೀನನ್ನೇ ವಶಕ್ಕೆ ತೆಗೆದುಕೊಂಡು, ರಸ್ತೆ ಹಾಕಿ, ಸೈಟುಗಳನ್ನು ಲೀಸಿಗೆ ಕೊಡುತ್ತಿತ್ತು. ಮೈಸೂರು ಅಸೋಸಿಯೇಷನ್ ಇರುವ ನಮ್ಮ ಮಾಟುಂಗಾ ಬೆಳೆದದ್ದು ಹಾಗೆ. ಬಡಾವಣೆ ಚೆನ್ನಾಗಿಯೇ ಆಯಿತು. ಆದರೆ ಅಷ್ಟು ದುಡ್ಡು ಮೊದಲೇ ಕೈಯಲ್ಲಿರಬೇಕು.

1915ರ ಕಾಯ್ದೆ ಇಡೀ ಜಮೀನು ಕೊಳ್ಳುವ ಗೋಜಿಗೆ ಹೋಗಲಿಲ್ಲ. ಊರಂಚಿನ ಅಂಕುಡೊಂಕು ಹೊಲಗಳನ್ನು ನಕ್ಷೆಯ ಮೇಲೆ ಒಂದುಗೂಡಿಸಿ, ರಸ್ತೆಗೆ, ಶಾಲೆಗೆ, ಉದ್ಯಾನಕ್ಕೆ ಜಾಗ ತೆಗೆದು, ಉಳಿದದ್ದನ್ನು ನೇರವಾಗಿ ಕೊಯ್ದು ಒಡೆಯರಿಗೇ ಮರಳಿಸುವುದು ಅದರ ಕ್ರಮ. ಒಡೆಯನ ಪಾಲು ಕಿರಿದಾದರೂ ರಸ್ತೆಗೆ ಮುಖ ಮಾಡಿದ್ದರಿಂದ ಅದರ ಬೆಲೆ ಏರುತ್ತಿತ್ತು. ಏರಿದ ಬೆಲೆಯಲ್ಲಿ ಅರ್ಧದವರೆಗೆ ಸ್ಥಳೀಯ ಸಂಸ್ಥೆ ವಸೂಲು ಮಾಡಬಹುದಿತ್ತು. ಹೋದ ಜಾಗದ ಪರಿಹಾರವನ್ನು ಅದರಲ್ಲೇ ವಜಾ ಮಾಡಿಕೊಳ್ಳಲಾಗುತ್ತಿತ್ತು. ಅರ್ಧದ ಈ ಲೆಕ್ಕ ಇಂಗ್ಲೆಂಡಿನ 1909ರ ಕಾಯ್ದೆಯಲ್ಲೂ ಇತ್ತು. (ಹೊಲದ ಲಾಭ ಹೊಲದೊಡೆಯನಿಗೆ, ಅಲ್ಲಿ ಕೂಲಿ ಮಾಡುತ್ತಿದ್ದವರಿಗೆ ಈ ಹಂಚಿಕೆಯಲ್ಲಿ ಸೈಟು ಇರಲಿಲ್ಲ.)

ಜಾಗದ ಭಾಗ ಗಟ್ಟಿಯಾಗಿ ನಿಂತಿತು. ಸೊರಗಿದ್ದು ಹಣದ ಭಾಗ. ಏರಿಕೆಯನ್ನು ಲೆಕ್ಕ ಹಾಕುತ್ತಿದ್ದದ್ದು ಸ್ಕೀಮು ಘೋಷಣೆಯಾದ ದಿನದ ದರದಲ್ಲಿ. ಮಧ್ಯಸ್ಥಗಾರನ ಮುಂದೆ ತಕರಾರು, ಮೇಲ್ಮನವಿಗಳು ಮುಗಿಯುವ ಹೊತ್ತಿಗೆ ಎಷ್ಟೋ ಕಡೆ ವರ್ಷಗಳು ಉರುಳಿರುತ್ತಿದ್ದವು. ಮಾರುಕಟ್ಟೆಯಲ್ಲಿ ಬೆಲೆ ಹಲವು ಪಟ್ಟಾಗಿದ್ದರೂ ಒಡೆಯ ಕಟ್ಟಬೇಕಾದದ್ದು ಹಳೆಯ ದರದ ಪಾಲು. ಅಷ್ಟರಲ್ಲಿ ಡಾಂಬರು, ಕೊಳವೆಗಳ ಬೆಲೆ ಮಾತ್ರ ಹೊಸದು.

ಮುಂಬಯಿ ಕ್ರಮೇಣ ಈ ದಾರಿಯಿಂದ ಸರಿಯಿತು. ಗುಜರಾತ್ 1976ರ ತನ್ನ ಕಾಯ್ದೆಯಲ್ಲಿ ಅದನ್ನೇ ಉಳಿಸಿಕೊಂಡು, 1999ರ ತಿದ್ದುಪಡಿಯಲ್ಲಿ ಒಂದು ಗಂಟು ಬಿಡಿಸಿತು: ಕರಡು ಸ್ಕೀಮಿಗೆ ಒಪ್ಪಿಗೆ ಸಿಕ್ಕೊಡನೆ ರಸ್ತೆಯ ಜಾಗ ಯೋಜನಾ ಪ್ರಾಧಿಕಾರದ ವಶಕ್ಕೆ, ಹಣದ ತಕರಾರು ಆಮೇಲೆ. ಅಹಮದಾಬಾದಿನ 76 ಕಿ.ಮೀ. ಉದ್ದದ ಸರದಾರ್ ಪಟೇಲ್ ವರ್ತುಲ ರಸ್ತೆಗೆ ಬಹುಪಾಲು ಜಾಗ ಒದಗಿದ್ದು ಇಂಥ ಸ್ಕೀಮುಗಳಿಂದ.

ಮೈಸೂರು ರಾಜ್ಯದ 1961ರ ಯೋಜನಾ ಕಾಯ್ದೆಯಲ್ಲೂ ಟಿಪಿ ಸ್ಕೀಮಿನ ಅಧ್ಯಾಯವಿತ್ತು. ಬೆಂಗಳೂರು ಹೆಚ್ಚಾಗಿ ಹಿಡಿದದ್ದು ಭೂಸ್ವಾಧೀನದ ದಾರಿ. ಅದರಾಚೆ ರೆವಿನ್ಯೂ ಬಡಾವಣೆಗಳು ತಮ್ಮಷ್ಟಕ್ಕೆ ಬೆಳೆದವು. ಅಲ್ಲಿನ ಮನೆಯವರಿಂದ ಖಾತೆ ಮಾಡಿಕೊಡುವಾಗ ‘ಬೆಟರ್‌ಮೆಂಟ್ ಚಾರ್ಜು’ ವಸೂಲಾಯಿತು. ಹಾಗೆ ದುಡ್ಡು ಬಂದು ಸೇರುವ ಹೊತ್ತಿಗೆ ಗೋಡೆಗಳು ಎದ್ದಿದ್ದವು; ಎಷ್ಟೋ ಬೀದಿಗಳಲ್ಲಿ ರಸ್ತೆ ಅಗಲಿಸಲು ಜಾಗವೇ ಉಳಿದಿರಲಿಲ್ಲ.