ರೋಗವನ್ನರಿಯುವ ಕಣ್ಣು

ಒಂದು ಪ್ರಾಣಿಯ ರೋಗಗಳಿಗೆ ಜನರ ನುಡಿಯಲ್ಲಿ ಎಷ್ಟು ಹೆಸರುಗಳಿವೆಯೆಂದು ಎಣಿಸಿ ನೋಡಿದರೆ, ಆ ಪ್ರಾಣಿಯ ಮೇಲೆ ಅವರ ಬಾಳು ಎಷ್ಟರಮಟ್ಟಿಗೆ ನಿಂತಿತ್ತೆಂಬುದು ತಾನಾಗಿ ತಿಳಿಯುತ್ತದೆ. ಎತ್ತಿಗೆ ದೊಡ್ಡರೋಗವುಂಟು, ಕಾಲುಬಾಯಿ ಜ್ವರವುಂಟು, ಚಪ್ಪೆರೋಗ, ಗಳಲೆರೋಗ, ನೆರಡಿಗಳುಂಟು. ಕೋಳಿಗೆ ಕೊಕ್ಕರೆ ರೋಗವುಂಟು. ಬಾತುಕೋಳಿಯ ಮಹಾಮಾರಿಯನ್ನು ಮಾತ್ರ ನಾವು ಇಂದಿಗೂ ಎರವಲು ಮಾತಿನಲ್ಲಿ ‘ಡಕ್ ಪ್ಲೇಗ್’ ಎಂದೇ ಕರೆಯುತ್ತಿದ್ದೇವೆ. ಗದ್ದೆಬಯಲಿನ ಈ ಜಲಚರ ಪಕ್ಷಿ, ರಾಗಿಯ ಹೊಲಗಳೂ ದನದ ಹಟ್ಟಿಗಳೂ ಉಳ್ಳ ತಾಳವಾಡಿಯಂಥ ಗಿರಿಸೀಮೆಯ ಅಂಗಳದಲ್ಲಿ ಅಕ್ಕರೆಯ ಅತಿಥಿಯಾಗಿ ಬಂದು ನಿಂತಾಗ, ಅದರ ಆರೋಗ್ಯಾನಾರೋಗ್ಯಗಳನ್ನು ಅರಿಯಲು ಮನೆಯವರಿಗೆ ಒದಗುವುದು ದನವನ್ನು ನೋಡಿ ಪಳಗಿದ ಕಣ್ಣೇ ಹೊರತು ಬೇರೊಂದಲ್ಲ. ಆ ಕಣ್ಣು ಪಳಗಿದ ಬಗೆಗೆ ಒಂದು ಚರಿತ್ರೆಯುಂಟು.

ಸತ್ಯಮಂಗಲದ ಬಯಲನ್ನು ಬಿಟ್ಟು, ದಿಂಬಂ ಘಾಟಿಯ 27 ತಿರುವುಗಳನ್ನೇರಿ, ಹಾಸನೂರಿನ ಕಾಡನ್ನು ಹಾಯ್ದು ಬಂದವನಿಗೆ ತಾಳವಾಡಿಯಲ್ಲಿ ಕಿವಿಗೆ ಬೀಳುವುದು ಕನ್ನಡ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ನೆರೆಯ ಕೊಳ್ಳೇಗಾಲ ಮೈಸೂರಿಗೆ ಸೇರಿದರೂ ಈ ನೆಲ ಮದ್ರಾಸಿನಲ್ಲಿಯೇ ಉಳಿದು, 1979ರಲ್ಲಿ ಕೊಯಮತ್ತೂರಿನಿಂದ ಬೇರ್ಪಟ್ಟ ಹೊಸ ಜಿಲ್ಲೆಯ ಪಾಲಾಯಿತು. ಆ ಜಿಲ್ಲೆಯೇ ಇಂದಿನ ಈರೋಡು. ಹೀಗೆ ಇಲ್ಲಿನ ಜನಕ್ಕೆ ಮಾತು ಒಂದು ಕಡೆಯದು, ಕಚೇರಿ ಇನ್ನೊಂದು ಕಡೆಯದು. ದನಗಳ ರೋಗವಾದರೋ ಎರಡು ಕಡೆಯನ್ನೂ ಒಂದೇ ಮೇವುಗಾವಲೆಂದು ಬಗೆದು ಅಲೆಯುತ್ತಿತ್ತು.

ಕನ್ನಡದಲ್ಲಿ ಪಶುವೈದ್ಯದ ಶಾಸ್ತ್ರಕ್ಕೆ ಪ್ರಾಚೀನತೆಯ ಗೌರವವಿದೆ. ಚಾಲುಕ್ಯ ರಾಜಪುತ್ರನಾದ ಕೀರ್ತಿವರ್ಮನು ಹನ್ನೆರಡನೆಯ ಶತಮಾನದ ಆದಿಭಾಗದಲ್ಲಿ ‘ಗೋವೈದ್ಯ’ವೆಂಬ ಗ್ರಂಥವನ್ನು ರಚಿಸಿದನು, ಅದರಲ್ಲಿ ಔಷಧವೂ ಮಂತ್ರವೂ ಒಂದೇ ಪಂಕ್ತಿಯಲ್ಲಿ ಕುಳಿತಿವೆ. ಇದನ್ನು ಕಂಡು ನಗುವ ಮುನ್ನ, ಹಳ್ಳಿಗರ ಆಚಾರವೂ ಇದೇ ದ್ವಂದ್ವದ ಮೇಲೆ ನಿಂತಿತ್ತೆಂಬುದನ್ನು ನೆನೆಯಬೇಕು. ಹಳೆಯ ಮೈಸೂರು ಸೀಮೆಯಲ್ಲಿ ಸಂಕ್ರಾಂತಿಯ ಸಂಜೆ ದನಗಳಿಗೆ ಕಿಚ್ಚು ಹಾಯಿಸುವರು. ಘಾಟಿಯ ಬುಡದಲ್ಲಿರುವ ಬಣ್ಣಾರಿಯ ಮಾರಿಯಮ್ಮನ ಕೊಂಡದಲ್ಲಿ, ಹರಕೆ ಹೊತ್ತ ಜನರೆಲ್ಲ ಹಾಯ್ದ ಮೇಲೆ, ರೋಗರುಜಿನ ತಟ್ಟದಿರಲೆಂದು ದನಗಳನ್ನೂ ಇಳಿಸುವ ರೂಢಿಯಿದೆ. ಇದು ದೇವತಾಪ್ರೀತ್ಯರ್ಥವೇ ಹೌದು. ಆದರೆ ಊರಿನ ಸಮಸ್ತ ದನಗಳೂ ಒಂದೊಂದಾಗಿ, ಊರವರೆಲ್ಲರ ಕಣ್ಣೆದುರಿಗೆ, ಬೆಂಕಿಯ ಬೆಳಕಿನಲ್ಲಿ ನಡೆದುಹೋಗುವ ಆ ಗಳಿಗೆಯಲ್ಲಿ ಯಾವುದು ಕುಂಟಿತು, ಯಾವುದು ಜೊಲ್ಲು ಸುರಿಸಿತು, ಯಾವುದು ಮುಂದುವರಿಯಲಾರದೆ ನಿಂತಿತು ಎಂಬುದು ಬಚ್ಚಿಡಲಾಗದಂತೆ ಬಯಲಾಗುತ್ತಿದ್ದಿತಷ್ಟೆ. ನನಗೆ ತೋರುವಂತೆ, ಕಿಚ್ಚು ಹಾಯುವುದು ಪೂಜೆಯಾಗಿದ್ದಷ್ಟೇ ಪರೀಕ್ಷೆಯೂ ಆಗಿತ್ತು.

ಸರ್ಕಾರದ ಕಣ್ಣು ಇತ್ತ ಬಿದ್ದುದು ಬಹಳ ತಡವಾಗಿ. ಮದ್ರಾಸು ಪ್ರಾಂತ್ಯದಲ್ಲಿ ಜಾನುವಾರು ರೋಗಗಳ ಕಾಯಿದೆ 1866ರಲ್ಲಿ ಬಂದಿತು. ಭಾರತದ ದನಗಳ ಮಾರಿಗಳನ್ನು ಕುರಿತ ಆಯೋಗದ ವರದಿ 1871ರಲ್ಲಿ ಹೊರಬಿದ್ದಿತು. ದೊಡ್ಡರೋಗದ ವಿರುದ್ಧ ಚುಚ್ಚುವ ಸೀರಮ್ಮನ್ನು ಸಿದ್ಧಪಡಿಸಲು ಮೈಸೂರು ಸಂಸ್ಥಾನವು ಹೆಬ್ಬಾಳದಲ್ಲಿ 1920ರ ದಶಕದಲ್ಲಿ ತನ್ನದೇ ಸಂಸ್ಥೆಯನ್ನು ತೆರೆಯಿತು, ಮದ್ರಾಸು 1932ರಲ್ಲಿ ರಾಣಿಪೇಟೆಯಲ್ಲಿ ತೆರೆಯಿತು. ಕಾಡಿಗೆ ಮಾತ್ರ ಹೆಬ್ಬಾಳವೂ ಇಲ್ಲ, ರಾಣಿಪೇಟೆಯೂ ಇಲ್ಲ: 1968ರಲ್ಲಿ ದೊಡ್ಡರೋಗವು ಬಂಡೀಪುರ ಮುದುಮಲೆಗಳ ಕಾಟಿಗಳ ಹಿಂಡುಗಳನ್ನು ಕ್ಷೀಣಗೊಳಿಸಿತು, ಆ ಕಾಡುಗಳು ಮೋಯಾರಿನ ಕಣಿವೆಯ ಮೂಲಕ ತಾಳವಾಡಿಯ ಕಾಡಿಗೆ ಕೂಡಿಕೊಂಡಿವೆ. 2011ರಲ್ಲಿ ಈ ರೋಗವು ಭೂಮಂಡಲದಿಂದಲೇ ನಿರ್ಮೂಲವಾಯಿತೆಂದು ಸಾರಲಾಯಿತು; ಸಿಡುಬಿನ ತರುವಾಯ ಮನುಷ್ಯಪ್ರಯತ್ನಕ್ಕೆ ಸೋತ ವ್ಯಾಧಿ ಇದೊಂದೇ.

ಎತ್ತಿಗಾಗಿ ಹೊತ್ತಿದ ಈ ದೀಪದ ಬೆಳಕು ಕೋಳಿಗೂಡಿಗೆ ತಲಪಿದ್ದು ಆಮೇಲೆ. 1926ರಲ್ಲಿ ಜಾವಾದಲ್ಲಿಯೂ ಇಂಗ್ಲೆಂಡಿನ ನ್ಯೂಕಾಸಲ್ಲಿನಲ್ಲಿಯೂ ಕಾಣಿಸಿದ ಕೋಳಿಮಾರಿ ಮರುವರ್ಷ ಕುಮಾವೂನಿನ ರಾಣಿಖೇತದಲ್ಲಿ ಕಾಣಿಸಿ, ನಮ್ಮ ದೇಶದಲ್ಲಿ ಆ ಊರಿನ ಹೆಸರನ್ನೇ ಹೊತ್ತಿತು. ಇದಕ್ಕೆ ಕನ್ನಡ ಹಳ್ಳಿಯು ಕೊಕ್ಕರೆ ರೋಗವೆಂಬ ಹೆಸರನ್ನು ಕೊಟ್ಟಿತು. ಏಕೆಂದರೆ ಕೋಳಿ ಸತ್ತರೆ ಹೆಂಗಸರ ಕೈಯ ಪುಡಿಗಾಸೂ ಸತ್ತಂತೆಯೇ.

ಬಾತುಕೋಳಿಯ ವಿಷಯದಲ್ಲಿ ತೊಡಕು ಬೇರೆ ತೆರನದು. ಬೇಟೆಗೆ ಬಲಿಯಾಗುವ ಕುಲದ ಪಕ್ಷಿಗಳೆಲ್ಲದರಂತೆ ಅದು ತನ್ನ ದೌರ್ಬಲ್ಯವನ್ನು ಕೊನೆಯವರೆಗೂ ಮರೆಮಾಚುತ್ತದೆ. ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ವ್ಯಾಧಿ ಬಲಿತಿರುತ್ತದೆ. ಆದುದರಿಂದ ಸಣ್ಣ ಸೂಚನೆಗಳನ್ನೇ ದೊಡ್ಡದೆಂದು ಹಿಡಿಯಬೇಕು. ಜೊತೆಗಾರರನ್ನು ಬಿಟ್ಟು ಒಂಟಿಯಾಗಿ ಗರಿಯುಬ್ಬಿಸಿ ಕೂರುವುದು. ನೀರಿಗಿಳಿಯಲೊಲ್ಲದಿರುವುದು, ಇಳಿದರೆ ಎಣ್ಣೆಮೈಯ ಗರಿ ನೀರನ್ನು ಜಾರಿಸದೆ ತೊಯ್ದು ತೊಪ್ಪೆಯಾಗುವುದು. ಕಣ್ಣಲ್ಲಿ ನೀರು, ಬೆಳಕಿನ ಭಯ, ಹಸಿರು ಭೇದಿ. ಇವು ಕೂಡಿ ಬಂದರೆ ಪ್ಲೇಗಿನ ಶಂಕೆ. ಕೊಳೆತ ನಿಂತ ನೀರಿನಲ್ಲಿ ಮೇದ ಹಕ್ಕಿಯ ಕತ್ತು ಬಾಡಿದ ದಂಟಿನಂತೆ ಜೋತುಬಿದ್ದರೆ ಅದು ನೀರಿನ ವಿಷ. ಮರಿಯ ಕಾಲು ಡೊಂಕಾದರೆ, ಕೋಳಿಮರಿಗೆ ಸಾಲುವ ತೌಡುನುಚ್ಚಿನಲ್ಲಿ ಬಾತಿನ ಮರಿಗೆ ಬೇಕಾದಷ್ಟು ನಿಯಾಸಿನ್ ದೊರೆಯಲಿಲ್ಲವೆಂದು ತಿಳಿಯಬೇಕು. ದನಕ್ಕೆಂದು ತಂದ ಕಡಲೆಕಾಯಿ ಹಿಂಡಿ ಬೂಸು ಹಿಡಿದಿದ್ದರೆ ಅದನ್ನು ಇದಕ್ಕೆ ಎಸೆಯಲಾಗದು: 1960ರಲ್ಲಿ ಇಂಗ್ಲೆಂಡಿನಲ್ಲಿ ಅಂಥ ಹಿಂಡಿಯಿಂದ ಒಂದು ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತಾಗ ಬಾತಿನ ಮರಿಗಳೂ ಸತ್ತವು, ಅಫ್ಲಾಟಾಕ್ಸಿನ್ ಎಂಬ ಆ ವಿಷಕ್ಕೆ ಇದರಷ್ಟು ಬೇಗ ಸೋಲುವ ಜೀವ ವಿರಳವಾದುದರಿಂದ, ವಿಷವನ್ನು ಅಳೆಯುವುದಕ್ಕೆ ವಿಜ್ಞಾನಿಗಳು ಬಾತಿನ ಮರಿಯನ್ನೇ ತಕ್ಕಡಿಯಾಗಿ ಬಳಸಿದರು.

ಇದಕ್ಕೆ ವಿಪರ್ಯಾಸವೂ ಒಂದುಂಟು. ಕೋಳಿಯನ್ನು ಕೊಲ್ಲುವ ಕೊಕ್ಕರೆ ರೋಗವನ್ನೂ ಹಕ್ಕಿಜ್ವರವನ್ನೂ ಬಾತುಕೋಳಿಯು ಎಷ್ಟೋ ವೇಳೆ ತಾನು ಕುಗ್ಗದೆಯೇ ಹೊತ್ತು ತಿರುಗಬಲ್ಲುದು. ಹಾಗೆಂದು ಅದು ಸದಾ ಪಾರಾಗುವುದೆಂದೂ ಅಲ್ಲ, 2014ರಲ್ಲಿ ಕೇರಳದ ಆಲಪ್ಪುಳದಲ್ಲಿ ಹಕ್ಕಿಜ್ವರಕ್ಕೆ ಬಲಿಯಾದವು ಬಾತುಕೋಳಿಗಳೇ. ಆದ್ದರಿಂದ ಮಾಡಬೇಕಾದುದು ಇಷ್ಟು: ಬೇನೆಯ ಹಕ್ಕಿಯನ್ನು ಒಣನೆಲದ ಬೆಚ್ಚನೆಯ ತಾಣಕ್ಕೆ ಪ್ರತ್ಯೇಕಿಸುವುದು, ಮುಳುಗದಷ್ಟು ಆಳದ ಪಾತ್ರೆಯಲ್ಲಿ ಹೊಸ ನೀರಿಡುವುದು, ಕೋಳಿಗಳನ್ನು ದೂರವಿರಿಸುವುದು, ಪಶುವೈದ್ಯನಿಗೆ ಹೇಳಿಕಳುಹಿಸುವುದು, ಸತ್ತುದನ್ನು ಹಳ್ಳಕ್ಕೆ ಎಸೆಯದೆ ಸುಣ್ಣ ಹಾಕಿ ಆಳವಾಗಿ ಹೂಳುವುದು, ಎರಡು ಮೂರು ತಿಂಗಳ ಪ್ರಾಯದಲ್ಲಿಯೇ ಪ್ಲೇಗಿನ ಲಸಿಕೆ ಹಾಕಿಸುವುದು.

ಇವೆಲ್ಲಕ್ಕೂ ಮೊದಲನೆಯದು ನೋಟ. ಬೆಳಗ್ಗೆ ಗೂಡಿನ ಅಗುಳಿ ತೆಗೆದೊಡನೆ ಬಾತುಕೋಳಿಗಳು ಒಂದರ ಹಿಂದೊಂದು ಸಾಲುಗಟ್ಟಿ, ಹೊಸ್ತಿಲನ್ನು ದಾಟಿ, ನೀರಿನತ್ತ ನಡೆಯುತ್ತವೆ. ಅಗುಳಿಯ ಮೇಲೆ ಕೈಯಿಟ್ಟು ನಿಂತು, ಸಾಲಿನ ಕೊನೆಯದು ಏಕೆ ಹಿಂದೆ ಬಿದ್ದಿತೆಂದು ಬಗ್ಗಿ ನೋಡುವ ಹುಡುಗಿಯ ಬಳಿ ಕೊಂಡವೂ ಇಲ್ಲ, ಕಿಚ್ಚೂ ಇಲ್ಲ. ಆದರೆ ಅವಳ ಅಜ್ಜ ಸಂಕ್ರಾಂತಿಯ ಸಂಜೆ ಬೆಂಕಿಯ ಪಕ್ಕದಲ್ಲಿ ನಿಂತು ವರ್ಷಕ್ಕೊಮ್ಮೆ ನೋಡುತ್ತಿದ್ದುದನ್ನೇ ಅವಳು ದಿನಕ್ಕೊಮ್ಮೆ ನೋಡುತ್ತಿದ್ದಾಳೆ.