ಕಲ್ಲಿಗೆ ಅಂಟಿದ ಜೀವ

ಬಚ್ಚಲ ಕಲ್ಲನ್ನು ನಾಲ್ಕು ದಿನ ಉಜ್ಜದಿದ್ದರೆ ಲೋಳೆ ಕಟ್ಟುತ್ತದೆ, ಕಾಲು ಜಾರುತ್ತದೆ. ಆ ಲೋಳೆಯನ್ನು ತೊಳೆಯುವುದೇ ಶುಚಿ ಎಂದು ಕಲಿತು ಬೆಳೆದವಳು ನಾನು. ಸಂಶೋಧನೆಗೆ ಸೇರಿದ ಹೊಸದರಲ್ಲಿ, ಕೊಳಚೆ ನೀರು ಸೋಸುವ ಕೊಳವೆಯೊಳಗಿನ ಜಲ್ಲಿಯನ್ನು ಹೊರತೆಗೆದು ಚೆನ್ನಾಗಿ ಉಜ್ಜಿ ತೊಳೆದಿಟ್ಟೆ. ಮರುದಿನದಿಂದ ನೀರು ಹೋದ ಹಾಗೆಯೇ ಹೊರಬಂತು. ಕೆಲಸ ಮಾಡುತ್ತಿದ್ದದ್ದು ಕಲ್ಲಲ್ಲ, ನಾನು ಚರಂಡಿಗೆ ಚೆಲ್ಲಿದ ಲೋಳೆ.

ವಿಜ್ಞಾನವೂ ಇದನ್ನು ನಿಧಾನವಾಗಿಯೇ ಕಲಿತಿದೆ. ಇಂಗ್ಲೆಂಡಿನ ನದಿಗಳು ಕೊಳೆತು ನಾರುತ್ತಿದ್ದ ಕಾಲದಲ್ಲಿ, 1870ರ ಸುಮಾರಿಗೆ, ರಸಾಯನಶಾಸ್ತ್ರಜ್ಞ ಎಡ್ವರ್ಡ್ ಫ್ರಾಂಕ್‌ಲ್ಯಾಂಡ್ ಲಂಡನ್ನಿನ ಕೊಳಚೆಯನ್ನು ಮರಳು, ಮಣ್ಣುಗಳ ಮೂಲಕ ಹಾಯಿಸಿ ನೋಡಿದ. ಬಿಡುವು ಕೊಟ್ಟು ಹಾಯಿಸಿದರೆ ನೀರು ತಿಳಿಯಾಗುತ್ತಿತ್ತು. ಬಿಡುವಿನಲ್ಲಿ ಮಣ್ಣಿನ ಸಂದುಗಳಿಗೆ ಹೊಕ್ಕ ಗಾಳಿಯೇ ಕೊಳೆಯನ್ನು ಉತ್ಕರ್ಷಿಸುತ್ತದೆ ಎಂದು ಅವನು ಬಗೆದ. ಜೀವಿಗಳ ಮಾತು ಅಲ್ಲಿ ಇರಲಿಲ್ಲ.

1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಮರಳು, ಸುಣ್ಣಕಲ್ಲು ತುಂಬಿದ ಕೊಳವೆಗೆ ಕೊಳಚೆ ಬಿಟ್ಟರು. ಸುಮಾರು 20 ದಿನ ಏನೂ ಆಗಲಿಲ್ಲ. ಆಮೇಲೆ ಅಮೋನಿಯ ನೈಟ್ರೇಟ್ ಆಗತೊಡಗಿತು. ಬರೀ ರಾಸಾಯನಿಕ ಕ್ರಿಯೆಯಾಗಿದ್ದರೆ ಇಷ್ಟು ದಿನ ಕಾಯುವ ಅಗತ್ಯವೇನಿತ್ತು? ಕ್ಲೋರೋಫಾರ್ಮ್ ಆವಿ ಹಾಯಿಸಿದರು, ಕ್ರಿಯೆ ನಿಂತಿತು. ಆವಿ ಹೋದ ಮೇಲೂ ಮರುಕಳಿಸಲಿಲ್ಲ. ಚೂರು ಮಣ್ಣನ್ನು ಕದಡಿದ ನೀರು ಸುರಿದಾಗ ಮತ್ತೆ ಶುರುವಾಯಿತು. ಕೊಳವೆಯೊಳಗೆ ಜೀವಿಗಳಿದ್ದವು. 1890ರ ಹೊತ್ತಿಗೆ ಸೆರ್ಗೆಯ್ ವಿನೊಗ್ರಾಡ್ಸ್ಕಿ ಆ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿ ತೋರಿಸಿದ.

ಅಮೆರಿಕದ ಮ್ಯಾಸಚೂಸೆಟ್ಸ್‌ನ ಲಾರೆನ್ಸ್‌ನಲ್ಲಿ 1887ರಲ್ಲಿ ಪ್ರಯೋಗ ಕೇಂದ್ರವೊಂದು ತೆರೆಯಿತು. ಅಲ್ಲಿ ದಪ್ಪ ಬೆಣಚುಕಲ್ಲುಗಳ ಮೇಲೂ ಕೊಳಚೆ ಹನಿಸಿದರು. ಏನನ್ನೂ ಜರಡಿ ಹಿಡಿಯಲಾರದಷ್ಟು ದೊಡ್ಡ ಸಂದುಗಳು. ಆದರೂ ನೀರು ಶುದ್ಧವಾಯಿತು. ಸೋಸುವಿಕೆ ಎಂಬ ಹಳೆಯ ವಿವರಣೆ ಅಲ್ಲಿಗೆ ಸಡಿಲಿತು.

ಹಾಗಾದರೆ ಕಲ್ಲು ಮಾಡುವುದೇನು? ನೆಲೆ ಕೊಡುತ್ತದೆ. ಹರಿವಿನಲ್ಲಿ ಬಂದ ಬ್ಯಾಕ್ಟೀರಿಯಾ ಮೊದಲು ಕಲ್ಲಿನ ಮೈಗೆ ದುರ್ಬಲವಾಗಿ ತಾಗುತ್ತದೆ. ಎಷ್ಟೋ ಸಲ ಕೊಚ್ಚಿಯೂ ಹೋಗುತ್ತದೆ. ಉಳಿದದ್ದು ಸಕ್ಕರೆಯಂಥ ಸರಪಳಿ ಅಣುಗಳನ್ನೂ ಪ್ರೋಟೀನನ್ನೂ ಸ್ರವಿಸಿ ಅಂಟಿಕೊಳ್ಳುತ್ತದೆ, ವಿಭಜಿಸುತ್ತದೆ, ಬೇರೆಯವಕ್ಕೂ ಜಾಗ ಕೊಡುತ್ತದೆ. ಒರಟು ಕಲ್ಲಿನ ತಗ್ಗುಗಳಲ್ಲಿ ಹರಿವಿನ ಹೊಡೆತ ಕಡಿಮೆ. ಪದರ ದಪ್ಪವಾದಂತೆ ಒಳಗಿನವಕ್ಕೆ ಆಮ್ಲಜನಕ ಸಿಗದೆ ಹಿಡಿತ ತಪ್ಪಿ ಹಕ್ಕಳೆಯಾಗಿ ಕಳಚುತ್ತದೆ. ಖಾಲಿ ಜಾಗದಲ್ಲಿ ಹೊಸದು ಕೂರುತ್ತದೆ. ಅಮೋನಿಯ ತಿನ್ನುವ ಬ್ಯಾಕ್ಟೀರಿಯಾಗಳು ಬಹಳ ನಿಧಾನವಾಗಿ ಬೆಳೆಯುತ್ತವೆ. ಅಂಟಿಕೊಳ್ಳದಿದ್ದರೆ ಮರಿ ಮಾಡುವ ಮೊದಲೇ ಹರಿದು ಹೋಗುತ್ತವೆ.

1912ರಲ್ಲಿ ಮ್ಯಾಂಚೆಸ್ಟರಿನ ಗಿಲ್ಬರ್ಟ್ ಫೌಲರ್ ಲಾರೆನ್ಸ್‌ನ ಪ್ರಯೋಗಗಳನ್ನು ಕಂಡು ಮರಳಿದ. 1914ರಲ್ಲಿ ಅವನ ಸಹೋದ್ಯೋಗಿಗಳಾದ ಆರ್ಡರ್ನ್ ಮತ್ತು ಲಾಕೆಟ್, ಕಲ್ಲೇ ಇಲ್ಲದೆ ಬ್ಯಾಕ್ಟೀರಿಯಾಗಳು ಒಂದಕ್ಕೊಂದು ಅಂಟಿದ ಕೆಸರನ್ನೇ ಉಳಿಸಿಕೊಂಡು ಕೊಳಚೆ ಶುದ್ಧಗೊಳಿಸುವ ವಿಧಾನ ಪ್ರಕಟಿಸಿದರು. 1916ರಲ್ಲಿ ಫೌಲರ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕನಾಗಿ ಬಂದ.

ನನ್ನ ತೊಳೆದ ಜಲ್ಲಿಗೆ ಪಕ್ಕದ ಕೊಳವೆಯಿಂದ ಒಂದು ಚಮಚ ಹಳೆಯ ಲೋಳೆ ತಂದು ಹಾಕಿದೆ. ನೀರಿನಲ್ಲಿ ನೈಟ್ರೇಟ್ ಕಾಣಿಸಿಕೊಳ್ಳಲು ಮೂರು ವಾರ ಹಿಡಿಯಿತು. ಕಾಯುತ್ತ ಕೂತಾಗಲೇ ಶ್ಲೋಸಿಂಗ್‌ನ 20 ದಿನಗಳ ಬಗ್ಗೆ ಓದಿದ್ದು.