ದೂರ ಓಡುವವರಿಗೆ ಪ್ರೋಟೀನ್ ಎಷ್ಟು ಬೇಕು?

ಮ್ಯಾರಥಾನ್ ಓಟ, ದೂರದ ಸೈಕ್ಲಿಂಗ್, ಈಜು ಇವೆಲ್ಲ ಗಂಟೆಗಟ್ಟಲೆ ದಮ್ಮು ಹಿಡಿದು ಮಾಡುವ ಕ್ರೀಡೆಗಳು. ಇವುಗಳಲ್ಲಿ ತೊಡಗಿದ ಜೈನ ಮನೆಗಳ ಮಕ್ಕಳಿಗೆ ಮೈದಾನದಲ್ಲಿ ಬೇಗನೆ ಸಿಗುವ ಸಲಹೆ "ಮೊಟ್ಟೆ ತಿನ್ನು" ಎಂಬುದು. ಮನೆಯವರು ಗಾಬರಿಯಾಗಿ ಒಂದೋ ಓಟ ಬಿಡಿಸುತ್ತಾರೆ, ಇಲ್ಲವೇ ದುಬಾರಿ ಪೌಡರ್ ಡಬ್ಬಿ ತರುತ್ತಾರೆ. ಎರಡೂ ಬೇಕಿಲ್ಲ, ಲೆಕ್ಕ ಗೊತ್ತಿದ್ದರೆ ಸಾಕು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ಸಾಮಾನ್ಯ ವಯಸ್ಕರಿಗೆ ದಿನಕ್ಕೆ ದೇಹತೂಕದ ಪ್ರತಿ ಕೆಜಿಗೆ 0.83 ಗ್ರಾಂ ಪ್ರೋಟೀನ್ ಬೇಕು. ಕ್ರೀಡಾಪಟುಗಳಿಗೆ 1.2ರಿಂದ 2 ಗ್ರಾಂ ಎಂದು ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ಮತ್ತು ಅಮೆರಿಕ, ಕೆನಡಾದ ಆಹಾರತಜ್ಞರ ಸಂಸ್ಥೆಗಳು 2016ರಲ್ಲಿ ಜಂಟಿಯಾಗಿ ತಿಳಿಸಿವೆ. 60 ಕೆಜಿ ತೂಕದವರು ಸುಮ್ಮನೆ ಇದ್ದರೆ 50 ಗ್ರಾಂ ಸಾಕು. ನಿತ್ಯ ಓಡುವವರಾದರೆ 1.4ರ ಲೆಕ್ಕದಲ್ಲಿ 84 ಗ್ರಾಂ. ಬೇಳೆಕಾಳಿನ ಪ್ರೋಟೀನ್ ಹಾಲಿನದಷ್ಟು ಪೂರ್ತಿ ಜೀರ್ಣವಾಗುವುದಿಲ್ಲವಾದ್ದರಿಂದ ಸ್ವಲ್ಪ ಹೆಚ್ಚೇ ಹಿಡಿಯುವುದು ಒಳ್ಳೆಯದು.

ಹೆಚ್ಚು ಯಾಕೆ ಬೇಕು? ದೂರದ ಓಟದಲ್ಲಿ ಸವೆದ ಸ್ನಾಯುವಿನ ಎಳೆಗಳನ್ನು ದೇಹ ದುರಸ್ತಿ ಮಾಡಬೇಕು. ಅಲ್ಲದೆ ಓಡುವಾಗ ಸ್ವಲ್ಪ ಪ್ರೋಟೀನ್ ಇಂಧನವಾಗಿಯೂ ಉರಿಯುತ್ತದೆ. ಸ್ನಾಯುವಿನಲ್ಲಿ ಕೂಡಿಟ್ಟ ಪಿಷ್ಟ ಖಾಲಿಯಾದಷ್ಟೂ ಹೀಗೆ ಉರಿಯುವ ಪಾಲು ಹೆಚ್ಚು. ಆದ್ದರಿಂದ ಪ್ರೋಟೀನ್ ಹೆಸರಿನಲ್ಲಿ ಅನ್ನ, ಮುದ್ದೆ, ರೊಟ್ಟಿ ಕಡಿಮೆ ಮಾಡುವುದು ತಪ್ಪು. ದೂರ ಓಡುವವರಿಗೆ ಮೊದಲ ಇಂಧನ ಅದೇ.

ಈಗ ಅಡುಗೆಮನೆಯ ಲೆಕ್ಕ. ಅರ್ಧ ಲೀಟರ್ ಹಾಲಿನಲ್ಲಿ ಸುಮಾರು 16 ಗ್ರಾಂ, 100 ಗ್ರಾಂ ತೊಗರಿ ಅಥವಾ ಹೆಸರುಬೇಳೆಯಲ್ಲಿ 22ರಿಂದ 24, 50 ಗ್ರಾಂ ಶೇಂಗಾದಲ್ಲಿ 12, 200 ಗ್ರಾಂ ಗೋಧಿ ಇಲ್ಲವೇ ಜೋಳದ ಹಿಟ್ಟಿನಲ್ಲಿ 20, 150 ಗ್ರಾಂ ಅಕ್ಕಿಯಲ್ಲಿ 12 ಗ್ರಾಂ. ಎಲ್ಲವೂ ಬೇಯಿಸುವ ಮೊದಲಿನ ತೂಕ. ಕೂಡಿದರೆ 82 ದಾಟುತ್ತದೆ. 50 ಗ್ರಾಂ ಪನೀರ್ ಸೇರಿಸಿದರೆ ಇನ್ನೂ 9. ಧಾನ್ಯದಲ್ಲಿ ಕಡಿಮೆ ಇರುವ ಲೈಸಿನ್ ಬೇಳೆಯಲ್ಲಿದೆ, ಬೇಳೆಯಲ್ಲಿ ಕಡಿಮೆ ಇರುವುದು ಧಾನ್ಯದಲ್ಲಿದೆ. ನಮ್ಮ ಹಿರಿಯರ ಅನ್ನ-ಸಾರು, ರೊಟ್ಟಿ-ಬೇಳೆ ಜೋಡಿ ಸುಮ್ಮನೆ ಬಂದದ್ದಲ್ಲ. ದ್ವಿದಳ ದೋಷ ಪಾಲಿಸುವವರು ಕಾಯಿಸದ ಹಾಲಿನ ಮೊಸರು, ಮಜ್ಜಿಗೆಯನ್ನು ಬೇಳೆಯೊಂದಿಗೆ ಬೆರೆಸದೆ ಬೇರೆ ಹೊತ್ತಿಗೆ ತೆಗೆದುಕೊಂಡರಾಯಿತು, ಪ್ರೋಟೀನಿಗೆ ನಷ್ಟವಿಲ್ಲ.

ಎಲ್ಲವನ್ನೂ ಒಂದೇ ಊಟದಲ್ಲಿ ತುಂಬಬಾರದು. ಹೊತ್ತಿಗೆ 20 ಗ್ರಾಂ ಆಸುಪಾಸಿನಂತೆ ದಿನಕ್ಕೆ ನಾಲ್ಕು ಸಲ ಹಂಚಿದರೆ ಸ್ನಾಯುವಿಗೆ ಚೆನ್ನಾಗಿ ಸಲ್ಲುತ್ತದೆ. ನಿಜವಾದ ತೊಡಕು ಇರುವುದು ಇಲ್ಲಿ. ರಾತ್ರಿಭೋಜನ ತ್ಯಾಗ ಮಾಡಿದವರು ಸಂಜೆ ಅಭ್ಯಾಸ ಮುಗಿಸುವಷ್ಟರಲ್ಲಿ ಸೂರ್ಯಾಸ್ತವಾಗಿರುತ್ತದೆ, ದಣಿದ ದೇಹ ಬೆಳಗಿನವರೆಗೆ ಕಾಯಬೇಕು. ಕಷ್ಟದ ಓಟವನ್ನು ಬೆಳಗಿಗೆ ಇಟ್ಟುಕೊಂಡು, ಮುಗಿದ ಕೂಡಲೇ ಹಾಲು ಮತ್ತು ತಿಂಡಿ ತೆಗೆದುಕೊಳ್ಳುವುದೇ ಇದಕ್ಕೆ ದಾರಿ. ತರಬೇತುದಾರರಿಗೆ ಮೊದಲೇ ತಿಳಿಸಿ ಹೊತ್ತು ಬದಲಿಸಿಕೊಳ್ಳಲು ಸಂಕೋಚ ಬೇಡ. ದಶಲಕ್ಷಣ ಪರ್ವದ ಉಪವಾಸದ ದಿನಗಳಲ್ಲಿ ಮಾತ್ರ ದೂರದ ಓಟ ಬೇಡವೇ ಬೇಡ, ಅದರಲ್ಲೂ ನೀರು ಬಿಟ್ಟವರಿಗೆ.

ಪೌಡರ್ ಬೇಕೇ ಬೇಕು ಎನ್ನುವವರು ಹಸಿರು ಗುರುತು ನೋಡಿ ಕೊಳ್ಳಬೇಕು. ಚೀಸ್ ಮಾಡುವಾಗ ಉಳಿಯುವ ನೀರಿನಿಂದ ವೇ ಪ್ರೋಟೀನ್ ತೆಗೆಯುತ್ತಾರೆ, ಆ ಚೀಸಿಗೆ ಕರುವಿನ ಹೊಟ್ಟೆಯ ರೆನೆಟ್ ಹಾಕಿರಲೂಬಹುದು. ಜೆಲಾಟಿನ್ ಕ್ಯಾಪ್ಸೂಲುಗಳೂ ಪ್ರಾಣಿಜನ್ಯ. ಸ್ಪರ್ಧೆಗೆ ಇಳಿಯುವವರಿಗೆ ಇನ್ನೊಂದು ಅಪಾಯ, ಕೆಲವು ಪೌಡರುಗಳಲ್ಲಿ ನಿಷೇಧಿತ ವಸ್ತು ಬೆರೆತಿದ್ದು ಡೋಪಿಂಗ್ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದುಂಟು. ಒಂದು ಡಬ್ಬಿಯ ಹಣಕ್ಕೆ ಎಷ್ಟು ಕೆಜಿ ಬೇಳೆ ಬರುತ್ತದೆ ಎಂಬುದನ್ನು ಅಂಗಡಿಯಲ್ಲೇ ನಿಂತು ಎಣಿಸಬಹುದು.

ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು. ನಮ್ಮ ಓಟಗಾರರಲ್ಲಿ ಪ್ರೋಟೀನಿಗಿಂತ ಮೊದಲು ನೋಡಬೇಕಾದದ್ದು ಬಿ12 ಮತ್ತು ಕಬ್ಬಿಣಾಂಶ. ನಮ್ಮ ಊಟದಲ್ಲಿ ಬಿ12 ಸಿಗುವುದು ಹೆಚ್ಚುಕಡಿಮೆ ಹಾಲು, ಮೊಸರಿನಿಂದಲೇ. ಸುಸ್ತು ಕಾಡುತ್ತಿದ್ದರೆ ಮೊದಲು ರಕ್ತಪರೀಕ್ಷೆ ಮಾಡಿಸಿ, ಪೌಡರಿನ ಮಾತು ಆಮೇಲೆ.